ಹಿಂದಿನ ಸಾಲಿನವರ ಲೆಕ್ಕ

ಗೆಳೆಯರೆ, ನಮ್ಮ ಪುಟಗಳಲ್ಲಿ ಕವಿತೆಯ ವಿಮರ್ಶೆ ಬರುತ್ತದೆ, ಕತೆಯ ವಿಮರ್ಶೆ ಬರುತ್ತದೆ. ಈ ಸಲ ನಾವು ಒಂದು ಶಬ್ದವನ್ನು, ಎರಡು ಸಿನಿಮಾಗಳನ್ನು ಮತ್ತು ಒಂದು ಹರಿದ ಪಾಟಿನೋಟಿನ ಹಾಳೆಯನ್ನು ವಿಮರ್ಶೆಗೆ ತೆಗೆದುಕೊಂಡಿದ್ದೇವೆ. ಇದು ಸಾಹಿತ್ಯವೇ ಎಂದು ಕೇಳುವವರು ಕೇಳಲಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಬರೆದ ತಪ್ಪು ಲೆಕ್ಕವನ್ನು ಓದಲು ಬಾರದವರು ಅವಳ ಬಗ್ಗೆ ಕವಿತೆ ಬರೆದರೆ ಆ ಕವಿತೆಗೆ ಏನು ಬೆಲೆ?

ಮೊದಲು ಶಬ್ದ. ವೇದಗಂಗಾ ದೂಧಗಂಗಾ ಕೂಡುವ ಭೋಜದ ಆಚೀಚೆಯ ಹಳ್ಳಿಗಳಲ್ಲಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ, ಸಾಲಿಯ ಮಾತು ಬಂತೆಂದರೆ ಈ ಶಬ್ದ ಬರದೆ ಇರುವುದಿಲ್ಲ: "ಅಂವ ದಡ್ಡ ಅದಾನ್ರಿ." ಅಪ್ಪನೂ ಹೇಳುತ್ತಾನೆ, ಮಾಸ್ತರೂ ಹೇಳುತ್ತಾನೆ, ಕೊನೆಗೆ ಹುಡುಗನೇ ಹೇಳಿಕೊಳ್ಳುತ್ತಾನೆ, "ನಂಗ ಲೆಕ್ಕ ಹತ್ತೂದಿಲ್ರಿ ಸರ, ನಾ ದಡ್ಡ." ಇಲಾಖೆಯ ಕಾಗದದಲ್ಲಿ ಈ ಶಬ್ದ ಇಲ್ಲ. ಅಲ್ಲಿ 'ನಿಧಾನ ಕಲಿಕೆಯವರು' ಎಂದು ಬರೆಯುತ್ತಾರೆ. ಜೂನ್ ತಿಂಗಳಲ್ಲಿ ಸೇತುಬಂಧ ಅನ್ನುತ್ತಾರೆ, ನೈದಾನಿಕ ಪರೀಕ್ಷೆ ಅನ್ನುತ್ತಾರೆ, ಆಮೇಲೆ ಪರಿಹಾರ ಬೋಧನೆ ಅನ್ನುತ್ತಾರೆ. ಶಬ್ದಗಳು ಮೆತ್ತಗಾಗಿವೆ. ಆದರೆ ಕೋಣೆಯೊಳಗೆ ಹೋಗಿ ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ ನೋಡಿರಿ, ಯಾವ ಓಣಿಯವರು ಎಂದು ಕೇಳಿರಿ. ಸಾಲು ಮೊದಲಿನದೇ ಆಗಿದ್ದರೆ ಶಬ್ದ ಬದಲಾಗಿ ಏನು ಬಂತು?

'ನಿಧಾನ' ಎಂಬ ಶಬ್ದದ ಒಳಗೆ ಒಂದು ಮೋಸ ಅಡಗಿದೆ. ನಿಧಾನ ಅಂದರೆ ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ಹೊರಟರು, ಇವನ ಕಾಲು ಮಾತ್ರ ಸೋತಿತು ಎಂದು ಅರ್ಥ. ಇವನು ಹೊರಟದ್ದೇ ಎಷ್ಟು ಹೊತ್ತಿಗೆ, ಹೆಗಲ ಮೇಲೆ ಏನು ಹೊತ್ತುಕೊಂಡು ಹೊರಟ, ದಾರಿಯಲ್ಲಿ ಯಾರು ತಡೆದು ನಿಲ್ಲಿಸಿದರು, ಈ ಪ್ರಶ್ನೆಗಳನ್ನೆಲ್ಲ ಆ ಒಂದು ಶಬ್ದ ನುಂಗಿ ಹಾಕುತ್ತದೆ.

ಅಂಬೇಡ್ಕರರ ಜೀವನಚರಿತ್ರೆಗಳಲ್ಲಿ ಬರುವ ಒಂದು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರರು ಹುಡುಗ ಭೀಮರಾವನನ್ನು ಲೆಕ್ಕ ಬಿಡಿಸಲು ಹಲಗೆಯ ಹತ್ತಿರ ಕರೆದರು. ಕರೆದೊಡನೆ ಮೇಲುಜಾತಿಯ ಹುಡುಗರು ಎದ್ದು ಓಡಿದರು. ಲೆಕ್ಕ ನೋಡಲಿಕ್ಕಲ್ಲ. ಹಲಗೆಯ ಹಿಂದೆ ಅವರ ಊಟದ ಡಬ್ಬಿಗಳಿದ್ದವು, ಮೈಲಿಗೆಯಾಗುವ ಮೊದಲು ಅವನ್ನು ತೆಗೆದುಕೊಳ್ಳಬೇಕಿತ್ತು. ಸಭೆಗಳಲ್ಲಿ ನಾವು ಇದನ್ನು ಜಾತಿಯ ಕ್ರೌರ್ಯಕ್ಕೆ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇವೆ. ಕಲಿಕೆಯ ಕಣ್ಣಿನಿಂದ ಇನ್ನೊಮ್ಮೆ ನೋಡಿರಿ. ಹುಡುಗನಿಗೆ ಲೆಕ್ಕ ಬರುತ್ತಿತ್ತು. ಆದರೆ ತನ್ನ ಸೀಟಿನಿಂದ ಹಲಗೆಯವರೆಗಿನ ಆ ಎಂಟು ಹತ್ತು ಹೆಜ್ಜೆಯಲ್ಲಿ, ತಟ್ಟೆ ಡಬ್ಬಿಗಳ ಸದ್ದಿನಲ್ಲಿ, ಎಂಥ ಜಾಣನ ತಲೆಯಲ್ಲಾದರೂ ಲೆಕ್ಕ ಉಳಿದೀತೇ? ಅವರ ತಲೆಯಲ್ಲಿ ಉಳಿಯಿತು, ಸರಿ. ಅಂಥ ಹೆಜ್ಜೆಗಳಲ್ಲೇ ಲೆಕ್ಕ ಕಳೆದುಕೊಂಡು 'ದಡ್ಡ'ರೆಂದು ಹೆಸರು ಪಡೆದು ಸಾಲಿ ಬಿಟ್ಟವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಇಂದಿಗೂ ಹಿಂದಿನ ಸಾಲಿನ ಹುಡುಗಿಯನ್ನು ಹಲಗೆಗೆ ಕರೆದಾಗ ಮುಂದಿನ ಸಾಲಿನಲ್ಲಿ ಒಂದು ಕಿಸಕ್ ನಗೆ ಏಳುತ್ತದಲ್ಲ, ಅದು ಆ ಡಬ್ಬಿಗಳ ಸದ್ದೇ.

ಈಗ ಸಿನಿಮಾ. 2007ರಲ್ಲಿ 'ತಾರೇ ಜಮೀನ್ ಪರ್' ಬಂತು. ಎಂಟು ವರ್ಷದ ಇಶಾನ್ ಎಂಬ ಹುಡುಗನಿಗೆ ಅಕ್ಷರಗಳು ಕುಣಿಯುತ್ತವೆ, ಓದಲು ಆಗುವುದಿಲ್ಲ. ಅಪ್ಪ ಬೈಯುತ್ತಾನೆ, ದೂರದ ವಸತಿ ಶಾಲೆಗೆ ಒಗೆಯುತ್ತಾನೆ. ಅಲ್ಲಿಗೆ ಒಬ್ಬ ಚಿತ್ರಕಲೆಯ ಮೇಷ್ಟ್ರು ಬಂದು, ಇವನು ಸೋಮಾರಿಯಲ್ಲ, ಇವನಿಗೆ ಡಿಸ್ಲೆಕ್ಸಿಯಾ ಇದೆ ಎಂದು ಗುರುತಿಸುತ್ತಾನೆ, ಕೈ ಹಿಡಿದು ಕಲಿಸುತ್ತಾನೆ. ಬಹಳ ಮಂದಿ ಶಿಕ್ಷಕರು ಅತ್ತದ್ದನ್ನು ನಾವು ಕಂಡಿದ್ದೇವೆ. ನಾವೂ ಅತ್ತಿದ್ದೇವೆ, ಸುಳ್ಳು ಯಾಕೆ ಹೇಳಬೇಕು? ಆ ಸಿನಿಮಾದಿಂದ ಒಂದು ದೊಡ್ಡ ಉಪಕಾರ ಆಯಿತು. ತಪ್ಪು ಮಗುವಿನ ಗುಣದ್ದಲ್ಲ ಎಂದು ಮಧ್ಯಮವರ್ಗದ ಅಪ್ಪ ಅಮ್ಮಂದಿರಿಗೆ ಗೊತ್ತಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಇಂಥ ಕಲಿಕಾ ತೊಂದರೆಗೂ ಜಾಗ ಸಿಕ್ಕಿತು.

ಆದರೆ ಆ ಹುಡುಗನ ಬೆನ್ನ ಹಿಂದೆ ಏನಿದೆ ಎಂಬುದನ್ನು ಮರೆಯಬಾರದು. ನೌಕರಿಯ ಅಪ್ಪ ಇದ್ದಾನೆ. ಅಭ್ಯಾಸಕ್ಕೆ ಕೂಡಿಸುವ ಅಮ್ಮ ಇದ್ದಾಳೆ. ಬಣ್ಣದ ಡಬ್ಬಿ ಇದೆ, ಫೀಸು ಕಟ್ಟುವ ತಾಕತ್ತು ಇದೆ. ಮೇಷ್ಟ್ರಿಗೆ ಅವನ ಮನೆಗೆ ಹೋಗಿ ಕೂತು ಮಾತಾಡಲು ಸೋಫಾ ಇದೆ. ಆ ಕತೆಯಲ್ಲಿ ತೊಡಕು ಹುಡುಗನ ತಲೆಯೊಳಗೆ ಮಾತ್ರ ಇದೆ, ಆದ್ದರಿಂದ ಒಳ್ಳೆಯ ಮನುಷ್ಯನೊಬ್ಬ ಬಂದರೆ ಬಗೆಹರಿಯುತ್ತದೆ. ಒಬ್ಬ ಒಳ್ಳೆಯ ಮೇಷ್ಟ್ರು ಬಂದಾನು ಎಂದು ಕಾಯುವುದು ಅವತಾರ ಪುರುಷನಿಗೆ ಕಾಯುವುದಕ್ಕಿಂತ ಎಷ್ಟು ಬೇರೆ?

ನಾಗರಾಜ ಮಂಜುಳೆಯವರ 'ಫ್ಯಾಂಡ್ರಿ' 2013ರದು. ಮರಾಠಿ ಸಿನಿಮಾ. ಗಡಿಯ ನಮ್ಮ ಮಂದಿಗೆ ಇದನ್ನು ಅನುವಾದ ಮಾಡಿ ಹೇಳಬೇಕಾಗಿಲ್ಲ, ಅರ್ಧ ಮನೆಗಳಲ್ಲಿ ಆಡುವುದೇ ಆ ಮಾತು. ಜಬ್ಯಾ ಕೈಕಾಡಿ ಹುಡುಗ, ಅವನ ಮನೆಯವರಿಗೆ ಊರ ಹಂದಿ ಹಿಡಿಯುವ ಕೆಲಸ. ಇವನು ದಡ್ಡನಲ್ಲ. ಓದಬೇಕೆಂಬ ಆಸೆ ಇದೆ, ಹೊಸ ಅಂಗಿಯ ಆಸೆ ಇದೆ, ಹುಡುಗಿಯೊಬ್ಬಳ ಕಣ್ಣಿಗೆ ಬೀಳಬೇಕೆಂಬ ಆಸೆ ಇದೆ. ಆದರೆ ಸಾಲಿಯ ಹೊತ್ತಿಗೆ ಅವನು ಹಂದಿಯ ಹಿಂದೆ ಓಡಬೇಕು. ಓಡುತ್ತಿರುವಾಗಲೇ ಸಾಲಿಯಿಂದ ರಾಷ್ಟ್ರಗೀತೆ ಕೇಳುತ್ತದೆ, ಇಡೀ ಮನೆಮಂದಿ ಕಂಬದಂತೆ ನಿಲ್ಲುತ್ತಾರೆ, ಹಂದಿ ತಪ್ಪಿಸಿಕೊಳ್ಳುತ್ತದೆ. ಕೊನೆಗೆ ಸತ್ತ ಹಂದಿಯನ್ನು ಬಡಿಗೆಗೆ ಕಟ್ಟಿ ಹೊತ್ತುಕೊಂಡು ಹೋಗುವಾಗ ಹಿಂದೆ ಸಾಲಿಯ ಗೋಡೆ ಕಾಣುತ್ತದೆ, ಅದರ ಮೇಲೆ ಅಂಬೇಡ್ಕರರ, ಫುಲೆ ದಂಪತಿಗಳ ಚಿತ್ರಗಳು. ಚಿತ್ರ ಗೋಡೆಯ ಹೊರಗೆ, ಹುಡುಗನೂ ಗೋಡೆಯ ಹೊರಗೆ.

ಇಶಾನನಿಗೆ ಓದಲು ಬರುವುದಿಲ್ಲ. ಜಬ್ಯಾನಿಗೆ ಓದಲು ಬಿಡುವುದಿಲ್ಲ. ನಮ್ಮ ಸಾಲಿಗಳ ಹಾಜರಿ ಪುಸ್ತಕದಲ್ಲಿ ಇವೆರಡಕ್ಕೂ ಒಂದೇ ಮನೆ ಇದೆ. ಎರಡನ್ನೂ ನಿಧಾನ ಕಲಿಕೆ ಎಂದೇ ತುಂಬುತ್ತಾರೆ.

ಇಲ್ಲಿ ನಮ್ಮವರ ಒಂದು ತಪ್ಪನ್ನೂ ಹೇಳಿಬಿಡಬೇಕು. ಚಳವಳಿಯ ಗೆಳೆಯರು ಎಲ್ಲ ಕಲಿಕೆಯ ತೊಂದರೆಗೂ ಜಾತಿ, ಬಡತನ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. ನಮ್ಮ ಕೇರಿಯಲ್ಲಿ ಇಶಾನ ಹುಟ್ಟುವುದಿಲ್ಲವೆ? ಅಕ್ಷರ ಕುಣಿಯುವ ಕಣ್ಣು, ಅರ್ಧ ಕೇಳುವ ಕಿವಿ, ಹಲಗೆ ಮಸುಕು ಕಾಣುವ ದೃಷ್ಟಿ ನಮ್ಮ ಮಕ್ಕಳಿಗೂ ಇರುತ್ತವೆ. ಅವರಿಗೆ ಎರಡು ಹೊರೆ. ಕಾಯಿದೆಯ ಪ್ರಮಾಣಪತ್ರಕ್ಕೆ ಆಸ್ಪತ್ರೆ ಅಲೆಯಬೇಕೆಂದರೆ ಅವ್ವನ ಎರಡು ಮೂರು ದಿನದ ಪಗಾರ ಹೋಗುತ್ತದೆ. ನಮ್ಮ ಸಂಜೆ ಸಾಲಿಗೆ ಬರುತ್ತಿದ್ದ ಹುಡುಗನೊಬ್ಬ ಹಲಗೆಯ ಮೇಲಿನದನ್ನು ಯಾವಾಗಲೂ ತಪ್ಪು ಬರೆದುಕೊಳ್ಳುತ್ತಿದ್ದ. ಮೂರು ತಿಂಗಳು ನಾವು ಅದಕ್ಕೆ ಅವನ ಮನೆಯ ಪರಿಸ್ಥಿತಿಯನ್ನು ಕಾರಣ ಮಾಡಿ ಭಾಷಣ ಹೊಡೆದೆವು. ಕೊನೆಗೆ ಅವನಿಗೆ ಬೇಕಾಗಿದ್ದದ್ದು ಚಸ್ಮಾ. ಸಿದ್ಧಾಂತ ನಮ್ಮ ಕಣ್ಣನ್ನೂ ಮಸುಕು ಮಾಡಬಲ್ಲದು.

ಇನ್ನು ಆ ಹರಿದ ಹಾಳೆ. ಏಳನೆಯ ತರಗತಿಯ ಹುಡುಗಿ. ಅವ್ವ ಬೀಡಿ ಕಟ್ಟುತ್ತಾಳೆ. ಹಾಳೆಯಲ್ಲಿ ಅವಳು ಬರೆದದ್ದು: ಅರ್ಧ ಕೂಡಿಸು ಕಾಲು. ಮೇಲಿನ ಒಂದಕ್ಕೆ ಒಂದು ಕೂಡಿಸಿ ಎರಡು ಮಾಡಿದ್ದಾಳೆ, ಕೆಳಗಿನ ಎರಡಕ್ಕೆ ನಾಲ್ಕು ಕೂಡಿಸಿ ಆರು ಮಾಡಿದ್ದಾಳೆ. ಉತ್ತರ 2/6. ಕೆಂಪು ಮಸಿಯಲ್ಲಿ ಒಂದು ದೊಡ್ಡ ಗುಣಾಕಾರದ ಗೆರೆ. ಪಕ್ಕದಲ್ಲಿ ಏನೂ ಬರೆದಿಲ್ಲ.

ಈ ತಪ್ಪು ಇವಳೊಬ್ಬಳದಲ್ಲ, ಜಗತ್ತಿನ ಎಲ್ಲ ಭಾಷೆಯ ಮಕ್ಕಳೂ ಮಾಡುವ ತಪ್ಪು. ಇದಕ್ಕೊಂದು ತರ್ಕ ಇದೆ. ಕೂಡಿಸು ಎಂದರು, ಕಂಡ ಅಂಕಿಗಳನ್ನೆಲ್ಲ ಕೂಡಿಸಿದಳು. ಭಿನ್ನರಾಶಿ ಅಂದರೆ ಒಂದು ಸಂಖ್ಯೆ ಎಂದು ಅವಳಿಗೆ ಯಾರೂ ಕಾಣಿಸಿಲ್ಲ, ಮೇಲೊಂದು ಕೆಳಗೊಂದು ಎರಡು ಸಂಖ್ಯೆ ಎಂದು ಅವಳು ತಿಳಿದಿದ್ದಾಳೆ. ನಾವು ಕೇಳಿದೆವು: "ತಂಗೀ, ಅಂಗಡಿಯಿಂದ ಅರ್ಧ ಕಿಲೋ ಬ್ಯಾಳಿ ತಂದಿ, ಮತ್ತ ಪಾವ ಕಿಲೋ ತಂದಿ. ಎಷ್ಟಾತು?" ಅವಳು ಕಣ್ಣು ಮಿಟುಕಿಸದೆ ಅಂದಳು, "ಪೌಣ ಕಿಲೋರಿ." ಮುಕ್ಕಾಲು. ಸರಿ ಉತ್ತರ. ಹಾಳೆಯ ಮೇಲಿನ ಎರಡು ಆರಾಂಶ ಎಂದರೆ ಮೂರರಲ್ಲಿ ಒಂದು ಪಾಲು, ಅರ್ಧಕ್ಕಿಂತಲೂ ಕಡಿಮೆ. "ಅರ್ಧಕ್ಕ ಇನ್ನಷ್ಟು ಕೂಡಿಸಿದರ ಅರ್ಧಕ್ಕಿಂತ ಕಡಿಮಿ ಆಗ್ತೈತೇನು?" ಎಂದು ಕೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ಹಾಳೆಯನ್ನು ಎಳೆದುಕೊಂಡು ತಾನೇ ರೊಟ್ಟಿಯ ಚಿತ್ರ ಬರೆದು ನಾಲ್ಕು ತುಂಡು ಮಾಡಿದಳು.

ಪಾವ, ಪೌಣ, ಸವ್ವಾ, ದೀಡ, ಅಡೀಚ. ಗಡಿಯ ನಮ್ಮ ಮಾತಿನಲ್ಲಿ ಭಿನ್ನರಾಶಿಗೆ ಇಷ್ಟು ಹೆಸರುಗಳಿವೆ. ಸಂತೆಯಲ್ಲಿ, ಹಾಲಿನ ಡೇರಿಯಲ್ಲಿ, ಗುಂಟೆ ಎಕರೆಯ ಮಾತಿನಲ್ಲಿ ಮಕ್ಕಳು ಇವನ್ನು ದಿನಾ ಬಳಸುತ್ತಾರೆ. ಸಾಲಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಂತೆ ಇವನ್ನೂ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಒಳಗೆ 'ಅಂಶ', 'ಛೇದ', 'ವಿಷಮ ಭಿನ್ನರಾಶಿ' ಕಾಯುತ್ತಿರುತ್ತವೆ. ಆ ಶಬ್ದಗಳು ಬೇಡ ಎಂದು ನಾವು ಹೇಳುತ್ತಿಲ್ಲ. ನಮ್ಮ ಮಕ್ಕಳಿಗೆ ಅವು ಬೇಕು, ನಾಳೆ ಡಿಪ್ಲೊಮಾಕ್ಕೆ, ಸಿಇಟಿಗೆ ಬೇಕು. ದೀಡದಿಂದ ಹೊರಟು ಒಂದೂವರೆಗೆ, ಅಲ್ಲಿಂದ 3/2ಕ್ಕೆ ನಡೆಸಿಕೊಂಡು ಹೋಗುವ ದಾರಿ ಬೇಕು. ದೀಡ ಅಂದ ಬಾಯಿಗೆ ಹೊಡೆದು 3/2 ತುಂಬಿದರೆ ಅದು ನಿಲ್ಲುವುದಿಲ್ಲ.

ಬೀಡಿಯ ಲೆಕ್ಕವೂ ಹೀಗೆಯೇ. ಇಪ್ಪತ್ತೈದರ ಕಟ್ಟು ನಲವತ್ತು ಆದರೆ ಸಾವಿರ ಎಂದು ಆ ಹುಡುಗಿಗೆ ಬಾಯಲ್ಲೇ ಗೊತ್ತು. ಕಟ್ಟು ತಿರಸ್ಕಾರವಾದರೆ ಸಾವಿರಕ್ಕೆ ಎಷ್ಟು ಕಡಿಮೆ ಬಿತ್ತು, ಎಷ್ಟು ರೊಕ್ಕ ಹೋಯಿತು ಎಂದು ಅವ್ವನಿಗಿಂತ ಮೊದಲು ಹೇಳುತ್ತಾಳೆ. 25ನ್ನು 40ರಿಂದ ಗುಣಿಸು ಎಂದು ಹಲಗೆಯ ಮೇಲೆ ಬರೆದರೆ ಸೊನ್ನೆ ಎಲ್ಲಿ ಇಡಬೇಕೆಂದು ತಡವರಿಸುತ್ತಾಳೆ. ಇದರಲ್ಲಿ ಯಾವುದು ಅವಳ ನಿಜವಾದ ಬುದ್ಧಿ? ಇದನ್ನು ಕೊಂಡಾಡಿ ಕೂತರೂ ತಪ್ಪೇ. ಬೀಡಿ ಕಟ್ಟುತ್ತ ಗಣಿತ ಕಲಿತಳು, ಆಹಾ, ಎಂದು ಬರೆಯುವ ಪಂಡಿತರು ಇದ್ದಾರೆ. ತಂಬಾಕಿನ ಧೂಳು ತಿಂದು ಕಲಿಯಬೇಕಾದ ಗಣಿತ ಯಾವ ಮಗುವಿಗೂ ಬೇಡ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿದಾಗ, ಅಪಾಯವಲ್ಲದ ಮನೆ ಕಸುಬಿನಲ್ಲಿ ಸಾಲಿ ಬಿಟ್ಟ ಮೇಲೆ ಮಕ್ಕಳು ಕೈಜೋಡಿಸಬಹುದೆಂದು ಒಂದು ಕಿಂಡಿ ತೆರೆದರು. ಸಾಲಿ ಬಿಟ್ಟ ಮೇಲಿನ ಹೊತ್ತೇ ಮನೆಪಾಠದ ಹೊತ್ತು ಎಂಬುದು ದಿಲ್ಲಿಯಲ್ಲಿ ಯಾರಿಗೂ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ.

ಮರಾಠಿ ಮನೆಮಾತಿನ ಮಕ್ಕಳ ಇನ್ನೊಂದು ತೊಡಕನ್ನು ನೋಡಿರಿ. ಇಪ್ಪತ್ತೈದು ಅನ್ನುವಾಗ ಕನ್ನಡದಲ್ಲಿ ಮೊದಲು ಇಪ್ಪತ್ತು, ಆಮೇಲೆ ಐದು. ಮರಾಠಿಯ 'ಪಂಚವೀಸ'ದಲ್ಲಿ ಮೊದಲು ಐದು, ಆಮೇಲೆ ಇಪ್ಪತ್ತು. ಮನೆಯಲ್ಲಿ ಹಾಗೆ ಕೇಳಿ ಬೆಳೆದ ಹುಡುಗ 25ರ ಜಾಗದಲ್ಲಿ 52 ಬರೆದರೆ ಅದು ತಲೆಯ ದೋಷವಲ್ಲ, ಎರಡು ಭಾಷೆಗಳ ನಡುವಿನ ಡಿಕ್ಕಿ. ಮುನ್ನೂರಾ ಐದು ಎಂದು ಕೇಳಿ 3005 ಬರೆಯುವುದೂ ಹೀಗೆಯೇ, ಕಿವಿ ಕೇಳಿದ್ದನ್ನು ಕೈ ನಿಷ್ಠೆಯಿಂದ ಬರೆಯುತ್ತದೆ. ಒಂದು ವಾರ ಕಡ್ಡಿ ಕಟ್ಟುಗಳನ್ನು, ಹತ್ತು ರೂಪಾಯಿ ನೂರು ರೂಪಾಯಿ ನೋಟುಗಳನ್ನು ಇಟ್ಟು ಆಡಿಸಿದರೆ ಸರಿಹೋಗುವ ಮಾತು. ಅದಕ್ಕೆ ಆ ಮನೆಮಾತು ಹ್ಯಾಂಗೆ ಎಣಿಸುತ್ತದೆ ಎಂದು ಮಾಸ್ತರರಿಗೆ ಗೊತ್ತಿರಬೇಕು. ಗಡಿ ಯಾರದು ಎಂದು ಎರಡೂ ಕಡೆ ಬಸ್ಸಿಗೆ ಮಸಿ ಬಳಿಯುವ ವೀರರಿಗೆ ಈ ಮಗುವಿನ 52 ಯಾವತ್ತೂ ಕಂಡಿಲ್ಲ.

ಓದಿನ ಮಾತು. ಆರನೆಯ ತರಗತಿಗೆ ಬಂದ ಹುಡುಗ ಪಾಠವನ್ನು ಗಡಗಡ ಓದುತ್ತಾನೆ, ಏನು ಓದಿದಿ ಎಂದು ಕೇಳಿದರೆ ಮುಖ ನೋಡುತ್ತಾನೆ. ಇನ್ನೊಬ್ಬ ಒತ್ತಕ್ಷರ ಬಂದಲ್ಲಿ ಎಡವುತ್ತಾನೆ, 'ಸ್ವಾತಂತ್ರ್ಯ' ಎಂಬಲ್ಲಿ ನಿಂತೇ ಬಿಡುತ್ತಾನೆ. ಪುಸ್ತಕದಲ್ಲಿ 'ಮಾಡಿರುತ್ತಾರೆ', ಬಾಯಲ್ಲಿ 'ಮಾಡ್ಯಾರ'. ಪುಸ್ತಕದಲ್ಲಿ 'ಇರುವುದಿಲ್ಲ', ಬಾಯಲ್ಲಿ 'ಇರಂಗಿಲ್ಲ'. ಊರಿನ ಹೆಸರಿನಲ್ಲೇ ಮಹಾಪ್ರಾಣ ಕೂತಿದೆ. 'ಬೋಜ' ಎಂದ ಹುಡುಗನ ಕಿವಿ ಹಿಂಡುವುದು ಸುಲಭ. ಅವನ ಬಾಯಲ್ಲಿ ಮಹಾಪ್ರಾಣ ಇಲ್ಲದ್ದು ಉಚ್ಚಾರದ ತಪ್ಪೋ, ಹುಟ್ಟಿನ ಗುರುತೋ? ಯಾರ ಬಾಯಿಂದ ಬಂದರೆ ಅದು ತಪ್ಪು, ಯಾರ ಬಾಯಿಂದ ಬಂದರೆ ಬರೀ ಆಡುಮಾತು? ನಮ್ಮ ಕತೆಗಾರರು ಕೇರಿಯ ಮಾತನ್ನು ಸಾಹಿತ್ಯದ ಒಳಗೆ ತಂದು ಪ್ರಶಸ್ತಿ ಪಡೆದರು. ಅದೇ ಮಾತು ಉತ್ತರ ಪತ್ರಿಕೆಯಲ್ಲಿ ಬಂದರೆ ಇಂದಿಗೂ ಮಾರ್ಕು ಹೋಗುತ್ತದೆ. ಆ ಪತ್ರಿಕೆ ತಿದ್ದುವ ಶಿಕ್ಷಕರಲ್ಲಿ ನಮ್ಮ ಓದುಗರೂ ಇದ್ದಾರೆ ಎಂಬುದು ನಮಗೆ ಗೊತ್ತು.

ಹುಡುಗ ತನ್ನ ಮಾತಿನಲ್ಲಿ ಹೇಳಿದ್ದನ್ನು ಮೊದಲು ಹಲಗೆಯ ಮೇಲೆ ಹಾಗೆಯೇ ಬರೆಯಿರಿ. ಅದನ್ನು ಅವನು ಓದಲಿ. ತನ್ನ ಮಾತು ಅಕ್ಷರವಾಗುತ್ತದೆ ಎಂದು ಕಂಡ ಮೇಲೆ ಪಕ್ಕದಲ್ಲಿ ಪುಸ್ತಕದ ಮಾತು ಬರೆಯಿರಿ. ನಾವು ಇದನ್ನು ಮಾಡಿ ನೋಡಿದ್ದೇವೆ. ಅಕ್ಷರ ಗೊತ್ತಿದ್ದೂ ಓದದೆ ಕೂತಿದ್ದವರು ಕೆಲವು ವಾರಗಳಲ್ಲಿ ಓದಿದರು. ಅಕ್ಷರವೇ ಗೊತ್ತಿಲ್ಲದವರು ಇಷ್ಟು ಬೇಗ ಓದಲಿಲ್ಲ, ಅವರಿಗೆ ಒಂದನೆಯ ತರಗತಿಯ ಕೆಲಸವನ್ನು ನಾಚಿಕೆಯಾಗದಂತೆ ಮತ್ತೆ ಮಾಡಿಸಬೇಕು. ಹನ್ನೆರಡು ವರ್ಷದವನ ಕೈಗೆ 'ಅ ಅರಸ' ಕೊಟ್ಟರೆ ಅವನು ಮರುದಿನ ಬರುವುದಿಲ್ಲ. ಬಸ್ಸಿನ ಬೋರ್ಡು, ಕಬಡ್ಡಿ ಪಂದ್ಯದ ಪಾಂಪ್ಲೆಟು, ಅಪ್ಪನ ರೇಷನ್ ಕಾರ್ಡು ಕೊಡಿರಿ.

ಸರಕಾರ ಏನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಕೆಳಗಿನ ತರಗತಿಗಳಲ್ಲಿ ಮಗುವಿನ ವೇಗಕ್ಕೆ ಮರ್ಯಾದೆ ಕೊಟ್ಟಿತು. ಆದರೆ ಮೇಲಿನ ತರಗತಿಗೆ ಬಂದ ಕೂಡಲೆ ಮತ್ತೆ ಅದೇ ಸಾಲು, ಅದೇ ಗದರಿಕೆ. ಕೊರೊನಾದಲ್ಲಿ 2020ರ ಮಾರ್ಚಿನಿಂದ ಒಂದೂವರೆ ವರ್ಷದ ಬಹುಪಾಲು ಸಾಲಿ ಮುಚ್ಚಿದ್ದವು. ಆ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಶಿಕ್ಷಕರು ಊರೂರಿಗೆ ಹೋಗಿ ಗಿಡದ ಕೆಳಗೆ, ಸಮುದಾಯ ಭವನದಲ್ಲಿ, ಗುಡಿಯ ಪಡಸಾಲೆಯಲ್ಲಿ ಕಲಿಸಿದರು. ಒಳ್ಳೆಯ ಯೋಚನೆ. ಗುಡಿಯ ಪಡಸಾಲೆ ಎಂದು ಬರೆದವರಿಗೆ ನಮ್ಮ ಕೇರಿಯ ಮಕ್ಕಳು ಅಲ್ಲಿ ಎಲ್ಲಿ ಕೂಡಬೇಕು ಎಂಬ ಪ್ರಶ್ನೆ ಬರಲಿಲ್ಲ. ಅಕ್ಟೋಬರಿನಲ್ಲಿ ಅದೂ ನಿಂತಿತು. 2022-23ನ್ನು ಕಲಿಕಾ ಚೇತರಿಕೆಯ ವರ್ಷ ಎಂದರು. 2023ರ ಅಸರ್ ವರದಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಕೇಳಿ ನೋಡಿತು. ಸುಮಾರು ಕಾಲು ಭಾಗದವರಿಗೆ ಎರಡನೆಯ ತರಗತಿಯ ಪಾಠವನ್ನು ತಮ್ಮ ಭಾಷೆಯಲ್ಲಿ ಸರಾಗ ಓದಲಾಗಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ನೂರಕ್ಕೆ 43.3 ಮಂದಿಗೆ ಮಾತ್ರ ಬಂತು. ಅಂದರೆ ದಡ್ಡರ ಸಾಲು ಅರ್ಧ ಕೋಣೆಯನ್ನು ದಾಟಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ದಡ್ಡರಾದರೆ ದಡ್ಡತನ ಯಾರದು?

ಇದಕ್ಕೆ ಸಿಕ್ಕ ಉತ್ತರ ಪರೀಕ್ಷೆ. 2024ರ ಮಾರ್ಚಿನಲ್ಲಿ 5, 8, 9ನೆಯ ತರಗತಿಗಳಿಗೂ ಬೋರ್ಡು ಪರೀಕ್ಷೆ ನಡೆಸಿದರು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದರ ಫಲಿತಾಂಶಕ್ಕೆ ತಡೆ ಕೊಟ್ಟಿತು. ಜ್ವರ ಬಂದ ಮಗುವಿಗೆ ಮದ್ದು ಕೊಡದೆ ದಿನಕ್ಕೆ ಮೂರು ಸಲ ಥರ್ಮಾಮೀಟರು ಇಟ್ಟಂತೆ ಇದು.

ಈ ನೆಲದಲ್ಲಿ ಬೇರೆ ಮಾತು ಕೇಳಿ ಬಂದಿತ್ತು. 1882ರಲ್ಲಿ ಜೋತಿರಾವ್ ಫುಲೆ ಹಂಟರ್ ಆಯೋಗದ ಮುಂದೆ, ಕನಿಷ್ಠ 12 ವರ್ಷದ ತನಕ ಜನಸಾಮಾನ್ಯರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿರಿ ಎಂದರು. ಭೋಜದಿಂದ ದೂರವೇನೂ ಅಲ್ಲದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಉಚಿತ, ಕಡ್ಡಾಯ ಶಿಕ್ಷಣದ ಆಜ್ಞೆ ಹೊರಡಿಸಿದರು. 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಇದೇ ನಿಪ್ಪಾಣಿಯಲ್ಲಿ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಕೂಡಿತು. ಶಿಕ್ಷಣ, ಸಂಘಟನೆ, ಹೋರಾಟ ಎಂದು ನಾವು ಗೋಡೆಗಳ ಮೇಲೆ ಬರೆಯುತ್ತೇವೆ. ಮೂರರಲ್ಲಿ ಮೊದಲನೆಯದನ್ನು ಸರಕಾರಕ್ಕೆ ಬಿಟ್ಟು ಉಳಿದೆರಡನ್ನು ನಾವಿಟ್ಟುಕೊಂಡೆವು. ಹಾಸ್ಟೆಲಿಗಾಗಿ, ಸ್ಕಾಲರ್‌ಶಿಪ್ಪಿಗಾಗಿ ಧರಣಿ ಕೂತೆವು, ಅದು ಸರಿಯೇ ಇತ್ತು. ಏಳನೆಯ ತರಗತಿಯ ಮಗುವಿಗೆ ಭಾಗಾಕಾರ ಯಾಕೆ ಬರಲಿಲ್ಲ ಎಂದು ಕೇಳಿ ಒಂದು ದಿನವಾದರೂ ಯಾವ ಕಚೇರಿಯ ಮುಂದೆ ಕೂತಿದ್ದೇವೆ?

ಶಿಕ್ಷಕ ಗೆಳೆಯರು ಸಿಟ್ಟಾಗಬಹುದು. ಎರಡು ತರಗತಿ ಒಬ್ಬರ ಮೇಲೆ, ಬಿಸಿಯೂಟದ ಲೆಕ್ಕ, ಮೊಬೈಲಿನಲ್ಲಿ ತುಂಬುವ ಹತ್ತಾರು ಮಾಹಿತಿ, ಚುನಾವಣೆ, ಗಣತಿ. ವರ್ಷ ಮುಗಿಯುವ ಮೊದಲೇ ಒಪ್ಪಂದ ಮುಗಿಯುವ ಅತಿಥಿ ಶಿಕ್ಷಕರು. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಹೊಳೆಗಳು ಉಕ್ಕಿದಾಗ ಸಾಲಿಗಳೇ ಗಂಜಿಕೇಂದ್ರ. ನೀರು ಇಳಿದ ಮೇಲೆ ಒದ್ದೆ ಪುಸ್ತಕ ಒಣಗಿಸಿದವರೂ ಅವರೇ. ಇದೆಲ್ಲ ನಮಗೆ ಗೊತ್ತಿದೆ. ಅದಕ್ಕೇ ಹೇಳುತ್ತೇವೆ, ಪಾಠ ಮುಗಿಸುವ ಹುಚ್ಚನ್ನು ಬಿಡಿರಿ. ದಿನಕ್ಕೆ ಒಂದು ತಾಸು, ತರಗತಿಯ ಹಂಗಿಲ್ಲದೆ, ಯಾರು ಎಲ್ಲಿದ್ದಾರೋ ಅಲ್ಲಿಂದ ಗುಂಪು ಮಾಡಿ ಓದಿಸಿರಿ, ಎಣಿಸಿರಿ. ತಪ್ಪಿಗೆ ಗೆರೆ ಎಳೆಯುವ ಮೊದಲು "ಇದನ್ನ ಹ್ಯಾಂಗ ಮಾಡಿದಿ?" ಎಂದು ಒಂದು ಸಲ ಕೇಳಿರಿ. ಹಿಂದಿನ ಸಾಲನ್ನು ಸೋಮವಾರಕ್ಕೊಮ್ಮೆ ಮುಂದೆ ತನ್ನಿರಿ. ಋಣ ಸಂಖ್ಯೆ ಕಲಿಸಲು ಸಾಲದ ಉದಾಹರಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ: ಐದು ಸಾವಿರ ಉಚಲ್ ತಗೊಂಡು ಮೂರು ಸಾವಿರ ಮುಟ್ಟಿಸಿದರೆ ಇನ್ನೂ ಎರಡು ಸಾವಿರ ಕೊಡಬೇಕು. ಆದರೆ ಅದನ್ನು ಹೇಳುವಾಗ ಯಾರ ಮನೆಯ ಉಚಲ್ ಎಂದು ಇಡೀ ಕೋಣೆ ತಿರುಗಿ ನೋಡದಂತೆ ಹೇಳಿರಿ. ಇದು ನಾವು ಮಾಡಿದ ತಪ್ಪು. ಆ ಹುಡುಗ ನಾಲ್ಕು ದಿನ ಬರಲಿಲ್ಲ.

ರೊಟ್ಟಿಯ ಚಿತ್ರ ಬರೆದ ಹುಡುಗಿ ದೀಪಾವಳಿಯ ತನಕ ಬಂದಳು. ಕಬ್ಬಿನ ಹಂಗಾಮು ಶುರುವಾದ ಮೇಲೆ ಅಕ್ಕನ ಕೂಸು ನೋಡಿಕೊಳ್ಳಲು ಅವಳನ್ನು ಗ್ಯಾಂಗಿನ ಜೊತೆ ಕರೆದೊಯ್ದರು. ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಈಗಲೂ ಗೈರು ಬೀಳುತ್ತಿದೆ. ಜನವರಿಯಲ್ಲಿ ಅವಳ ಅವ್ವ ಬಂದು, "ಮಾರ್ಚದಾಗ ತಿರುಗಿ ಬರ್ತಾಳ್ರಿ, ಹೆಸರ ಹೊಡೀಬ್ಯಾಡ ಅಂತ ಸಾಲ್ಯಾಗ ಹೇಳ್ರಿ" ಎಂದಳು. ಹೇಳಲು ನಾವು ಇಬ್ಬರು ಹೋಗಿದ್ದೆವು. ಹೆಸರು ಇದೆ. ಮಾರ್ಚಿನಲ್ಲಿ ಅವಳು ಬಂದಾಗ ಎಲ್ಲಿಂದ ಶುರು ಮಾಡುವುದು ಎಂಬುದನ್ನು ನಾವು ಆ ಹಾಳೆಯ ಹಿಂದೆ ಬರೆದಿಟ್ಟಿದ್ದೇವೆ: ಪೌಣದಿಂದ, ಸವ್ವಾಕ್ಕೆ.